ದೀಪಾವಳಿಯಿಂದ ಶಿವರಾತ್ರಿವರೆಗೆ: ಬಡಾವಣೆ ಗಾರ್ಡನ್ ಗ್ರೂಪ್‌ಗೆ ಚಳಿಗಾಲದ ಕೆಲಸಗಳು

ಮಳೆ ನಿಂತು, ದೀಪಾವಳಿ ಮುಗಿದು, ಬೆಳಗ್ಗೆ ಎದ್ದಾಗ ಗಿಡದ ಎಲೆ ಮೇಲೆ ಇಬ್ಬನಿ ಕಾಣೋಕೆ ಶುರುವಾಯ್ತು ಅಂದ್ರೆ ಬೆಂಗಳೂರು, ಮೈಸೂರು, ತುಮಕೂರು ಕಡೆ ಕೈತೋಟದವರಿಗೆ ವರ್ಷದ ಅತ್ಯಂತ ಒಳ್ಳೆ ಕಾಲ ಬಂತು ಅಂತಲೇ ಅರ್ಥ. ಬಿಸಿಲು ಹಿತವಾಗಿರುತ್ತೆ, ನೀರು ಕಮ್ಮಿ ಸಾಕು, ಸೊಪ್ಪು ತರಕಾರಿ ಚೆನ್ನಾಗಿ ಬರುತ್ತೆ, ಭಾನುವಾರ ಹತ್ತು ಜನ ಒಟ್ಟಿಗೆ ಸೇರಿ ಮಧ್ಯಾಹ್ನದವರೆಗೂ ಕೆಲಸ ಮಾಡಿದ್ರೂ ಸುಸ್ತಾಗಲ್ಲ. ಆದ್ರೆ ತುಂಬಾ ಗ್ರೂಪ್‌ಗಳಲ್ಲಿ ಈ ಮೂರು ನಾಲ್ಕು ತಿಂಗಳು ಬರೀ ಹೂವಿನ ಫೋಟೋ ಹಾಕೋದ್ರಲ್ಲೇ ಕಳೆದು ಹೋಗುತ್ತೆ. ಫೋಟೋ ಹಾಕಲಿ, ಸಂತೋಷ, ಆದ್ರೆ ಗ್ರೂಪ್ ಅಂತ ಇರೋದು ಒಂದು ಮನೆಯಿಂದ ಆಗದೇ ಇರೋ ಕೆಲಸಕ್ಕೆ. ಅಂಥ ಕೆಲಸ ನಾಲ್ಕೈದು ಇವೆ: ಒಟ್ಟಿಗೆ ಸಸಿ ಮಾಡೋದು, ರಸ್ತೆ ಎಲೆ ಸುಡದ ಹಾಗೆ ನೋಡ್ಕೊಳ್ಳೋದು, ಪಕ್ಕದ ಸರ್ಕಾರಿ ಶಾಲೆ ಅಥವಾ ಅಂಗನವಾಡಿ ಕೈತೋಟ, ಮಳೆಗಾಲದಲ್ಲಿ ನೆಟ್ಟ ಬೀದಿ ಸಸಿಗಳನ್ನ ಬೇಸಿಗೆಗೆ ರೆಡಿ ಮಾಡೋದು, ಬೀಜ ಹಂಚ್ಕೊಳ್ಳೋದು. ಎಲ್ಲವನ್ನೂ ಮಾಡ್ಲೇಬೇಕು ಅಂತಿಲ್ಲ, ಜನ ಕಮ್ಮಿ ಇದ್ರೆ ಎಲೆ ಕೆಲಸ ಒಂದನ್ನ ಮಾತ್ರ ಹಿಡ್ಕೊಳ್ಳಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಕರಾವಳಿಯವರಿಗೆ, ಉತ್ತರ ಕರ್ನಾಟಕದವರಿಗೆ ಒಂದು ಮಾತು. ಮಂಗಳೂರು ಉಡುಪಿ ಕಡೆ ಚಳಿ ಅಂತ ಹೆಚ್ಚೇನೂ ಇರಲ್ಲ, ಆದ್ರೆ ಮಳೆ ಬಿಟ್ಟ ಮೇಲೆ ತರಕಾರಿ ಸೀಸನ್ ಶುರುವಾಗೋದೇ ಅಲ್ಲಿ, ಹರಿವೆ, ಅಲಸಂಡೆ, ಬೆಂಡೆ, ಸೌತೆ, ಬದನೆ ಎಲ್ಲಾ ಈಗಲೇ, ಹೂಕೋಸು ಕ್ಯಾರೆಟ್ ಹಿಂದೆ ಬೀಳಬೇಡಿ. ಧಾರವಾಡ, ಕಲಬುರಗಿ, ಬೀದರ್ ಕಡೆ ರಾತ್ರಿ ಚಳಿ ನಮಗಿಂತ ಜಾಸ್ತಿ, ಹಿಂಗಾರಿ ಕಾಲ, ಕೋಸು, ಬಟಾಣಿ, ಮೆಂತ್ಯ, ಬೆಳ್ಳುಳ್ಳಿ ಅಲ್ಲಿ ಇನ್ನೂ ಚೆನ್ನಾಗಿ ಬರುತ್ತೆ. ಕೆಳಗೆ ಬರೆದಿರೋ ತಿಂಗಳ ಲೆಕ್ಕ ದಕ್ಷಿಣದ ಒಳನಾಡಿಗೆ ಸರಿಹೋಗುತ್ತೆ, ಉಳಿದವರು ನಿಮ್ಮ ಊರಿನ ಹಿರಿಯ ಬೆಳೆಗಾರರನ್ನ ಕೇಳಿ ಒಂದೆರಡು ವಾರ ಹಿಂದೆ ಮುಂದೆ ಮಾಡ್ಕೊಳ್ಳಿ.

ಹಂತ 1: ಮೊದಲ ಮೀಟಿಂಗ್, ಕೆಲಸ ಹಂಚಿಕೆ

ದೀಪಾವಳಿ ಆದ ಮೊದಲ ಅಥವಾ ಎರಡನೇ ಭಾನುವಾರ ಪಾರ್ಕ್‌ನಲ್ಲೋ ಯಾರದಾದ್ರೂ ಟೆರೇಸ್‌ನಲ್ಲೋ ಸೇರಿ. ಒಂದು ಗಂಟೆ ಸಾಕು. ಮೂರು ವಿಷಯ ತೀರ್ಮಾನ ಆಗಲಿ: ಈ ಸಲ ಯಾವ ಎರಡು ಸಾಮೂಹಿಕ ಕೆಲಸ, ಅದಕ್ಕೆ ಯಾರು ಜವಾಬ್ದಾರಿ, ದುಡ್ಡು ಎಷ್ಟು ಹಾಕ್ಬೇಕು. ಒಂದು ಕೆಲಸಕ್ಕೆ ಇಬ್ಬರ ಹೆಸರು ಇರಲಿ, ಒಬ್ಬರಿಗೆ ಮದುವೆ ಮುಂಜಿ ಅಂತ ಊರಿಗೆ ಹೋಗೋದು ಬಂದ್ರೆ ಇನ್ನೊಬ್ಬರು ನೋಡ್ಕೊಳ್ತಾರೆ. ಲೆಕ್ಕ ಬರೆಯೋಕೆ ಒಂದು ಪುಸ್ತಕ ಇಟ್ಟು, ಖರ್ಚಾದ ಪ್ರತಿ ಬಿಲ್ ಫೋಟೋ ಗ್ರೂಪ್‌ಗೆ ಹಾಕಿಬಿಡಿ, ದುಡ್ಡಿನ ವಿಷಯದಲ್ಲಿ ಮನಸ್ತಾಪ ಬಂದ್ರೆ ಗಿಡದ ಗ್ರೂಪ್ ಒಡೆದುಹೋಗುತ್ತೆ.

ಪಾರ್ಕ್‌ನಲ್ಲಿ ಏನು ಮಾಡೋದಿದ್ರೂ ಅನುಮತಿ ಬೇಕು. ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಒಂದು ಅರ್ಜಿ, ಬಡಾವಣೆ ಸಂಘಕ್ಕೆ ಒಂದು ಪ್ರತಿ, ಎರಡಕ್ಕೂ ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಬನ್ನಿ. ಮರದ ಕೊಂಬೆ ಕಡಿಯೋ ವಿಷಯ ಬಂದ್ರೆ ಮಾತ್ರ ನೀವಾಗೇ ಕೈ ಹಾಕ್ಬೇಡಿ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅದನ್ನ ಮರ ಅಧಿಕಾರಿಗಳ ಕಡೆಯಿಂದಲೇ ಮಾಡಿಸ್ಬೇಕು.

ಹಂತ 2: ಒಟ್ಟಿಗೆ ಬೀಜ ತಂದು, ಒಂದೇ ಜಾಗದಲ್ಲಿ ಸಸಿ ಮಾಡೋದು

ಒಂದು ಮನೆಗೆ ನಾಲ್ಕು ಹೂಕೋಸು ಗಿಡ ಸಾಕು, ಆದ್ರೆ ಪ್ಯಾಕೆಟ್‌ನಲ್ಲಿ ನೂರಾರು ಬೀಜ ಇರುತ್ತೆ, ಉಳಿದದ್ದು ಡಬ್ಬದಲ್ಲಿ ಕೂತು ಮುಂದಿನ ವರ್ಷಕ್ಕೆ ಅರ್ಧಕ್ಕರ್ಧ ಮೊಳೆಯಲ್ಲ. ಅದಕ್ಕೇ ಒಟ್ಟಿಗೆ ತರೋದು. ಬೆಂಗಳೂರಿನವರಿಗೆ ನವೆಂಬರ್‌ನಲ್ಲಿ ಕೃಷಿ ವಿವಿಯ ಜಿಕೆವಿಕೆ ಆವರಣದ ಕೃಷಿ ಮೇಳ ಸಿಗುತ್ತೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ನಾವೆಲ್ಲ ಐಐಎಚ್‌ಆರ್ ಅಂತೀವಲ್ಲ, ಅಲ್ಲಿ ಅರ್ಕಾ ಹೆಸರಿನ ತಳಿಗಳ ಬೀಜ ಸಿಗುತ್ತೆ, ನಾಟಿ ತಳಿ ಬೇಕು ಅಂದ್ರೆ ಸಹಜ ಸಮೃದ್ಧ ಥರದ ಬೀಜ ಉಳಿಸೋರ ಹತ್ರ ಕೇಳಿ. ಒಂದು ಎಚ್ಚರ: ಹೂಕೋಸಿನಲ್ಲಿ ಬೇಗ ಬರೋ ತಳಿ, ತಡವಾಗಿ ಬರೋ ತಳಿ ಅಂತ ಕಾಲಕ್ಕೆ ತಕ್ಕ ಹಾಗೆ ಬೇರೆ ಬೇರೆ ಇರುತ್ತೆ, ತಪ್ಪು ತಳಿ ತಂದ್ರೆ ಎಲೆ ಮಾತ್ರ ಆನೆಕಿವಿ ಥರ ಬೆಳೆದು ಹೂ ಕಟ್ಟೋದೇ ಇಲ್ಲ, ಅಂಗಡಿಯಲ್ಲಿ ಯಾವ ತಿಂಗಳಿಗೆ ಅಂತ ಕೇಳಿಯೇ ತನ್ನಿ. ಹೊಸಬರಿಗೆ ನಾನು ಹೂಕೋಸು ಬೇಡವೇ ಬೇಡ ಅಂತೀನಿ, ನವಿಲುಕೋಸು ಹಾಕಿ, ಎರಡು ತಿಂಗಳೊಳಗೆ ಗೆಡ್ಡೆ ಬರುತ್ತೆ, ಸಣ್ಣ ಕುಂಡದಲ್ಲೂ ಆಗುತ್ತೆ, ಎಲೆನೂ ಪಲ್ಯಕ್ಕೆ ಬರುತ್ತೆ.

ಸಸಿ ಮಾಡೋಕೆ ಪ್ರೋಟ್ರೇ, ಅಂದ್ರೆ ಸಾಲು ಗುಳಿಗಳಿರೋ ಪ್ಲಾಸ್ಟಿಕ್ ಟ್ರೇ ಬೇಕು. 98 ಗುಳಿ ಇರೋ ಟ್ರೇ ಸಾಮಾನ್ಯವಾಗಿ ಸಿಗೋದು. ತುಂಬೋಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), 5 ಕೆಜಿ ಇಟ್ಟಿಗೆ ನೀರಲ್ಲಿ ನೆನೆದ್ರೆ ಸುಮಾರು 70 ಲೀಟರ್‌ನಷ್ಟು ಉಬ್ಬುತ್ತೆ, ಒಂದು ಇಟ್ಟಿಗೆಯಲ್ಲಿ ಇಡೀ ಗ್ರೂಪ್‌ನ ಟ್ರೇ ತುಂಬುತ್ತೆ. ಕೋಕೋಪೀಟ್‌ನಲ್ಲಿ ಉಪ್ಪಿನಂಶ ಇರುತ್ತೆ, ಅದಕ್ಕೇ ಎರಡು ಮೂರು ಸಲ ನೀರು ಹಾಕಿ ಹಿಂಡಿ ತೊಳೀರಿ, ಆಮೇಲೆ ಮೂರು ಪಾಲಿಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಸೇರಿಸಿ, ಬರೀ ಕೋಕೋಪೀಟ್‌ನಲ್ಲಿ ಸಸಿಗೆ ಊಟ ಇಲ್ಲ. ಗುಳಿಗೆ ಒಂದು ಬೀಜ, ಅರ್ಧ ಸೆಂಟಿಮೀಟರ್ ಆಳ, ಮೇಲೆ ತೆಳ್ಳಗೆ ಮುಚ್ಚಿ ನೀರು ಚಿಮುಕಿಸಿ, ಟ್ರೇಗಳನ್ನ ಒಂದರ ಮೇಲೊಂದು ಜೋಡಿಸಿ ಪ್ಲಾಸ್ಟಿಕ್ ಶೀಟ್ ಹೊದಿಸಿ ನೆರಳಲ್ಲಿ ಇಡಿ. ಚಳಿಯಲ್ಲಿ ಈ ಹೊದಿಕೆ ಮುಖ್ಯ, ಒಳಗೆ ಬೆಚ್ಚಗಿದ್ರೆ ಬೇಗ ಮೊಳೆಯುತ್ತೆ. ಮೂರನೇ ದಿನದಿಂದ ದಿನಾ ತೆಗೆದು ನೋಡಿ, ಮೊಳಕೆ ಮೂಗು ಕಂಡ ತಕ್ಷಣ ಟ್ರೇ ಬಿಡಿಬಿಡಿಯಾಗಿ ಬೆಳಕಿಗೆ ಹಾಕ್ಬೇಕು, ಒಂದು ದಿನ ತಡ ಮಾಡಿದ್ರೂ ಸಸಿ ಬೆಳಕು ಹುಡುಕ್ಕೊಂಡು ಉದ್ದ ಎಳೆದುಕೊಂಡು ಬಿದ್ದುಹೋಗುತ್ತೆ.

ಕೋಸು, ನವಿಲುಕೋಸು, ಟೊಮೆಟೊ ಮೂರು ವಾರ ಚಿಲ್ಲರೆಗೆ ನಾಟಿಗೆ ಬರುತ್ತೆ, ಬದನೆ ಒಂದು ತಿಂಗಳು, ಮೆಣಸಿನಕಾಯಿ ಕ್ಯಾಪ್ಸಿಕಂ ಐದು ವಾರ ಹಿಡಿಯುತ್ತೆ. ಹಾಗಾಗಿ ಮೆಣಸಿನಕಾಯಿ ಟ್ರೇ ಮೊದಲು ಹಾಕಿ, ಕೋಸು ಆಮೇಲೆ ಹಾಕಿದ್ರೆ ಎಲ್ಲಾ ಒಂದೇ ಭಾನುವಾರ ಹಂಚ್ಬಹುದು. ಕ್ಯಾರೆಟ್, ಮೂಲಂಗಿ, ಬೀನ್ಸ್, ಬಟಾಣಿ, ಮೆಂತ್ಯ, ಕೊತ್ತಂಬರಿ ಇವನ್ನೆಲ್ಲ ಟ್ರೇಗೆ ಹಾಕ್ಬೇಡಿ, ಬೇರು ಅಲುಗಿಸಿದ್ರೆ ಆಗಲ್ಲ, ಬೀಜನೇ ಹಂಚಿ, ಕೊತ್ತಂಬರಿ ಬೀಜ ಚಪಾತಿ ಲಟ್ಟಣಿಗೆಯಲ್ಲಿ ಮೆಲ್ಲಗೆ ಉರುಳಿಸಿ ಎರಡು ಹೋಳು ಮಾಡಿ ಹಾಕೋದು ಎಲ್ಲರಿಗೂ ಗೊತ್ತಿರೋದೇ.

ಅವರೆ ಬಗ್ಗೆ ಪ್ರತಿ ವರ್ಷ ಒಂದೇ ಪ್ರಶ್ನೆ ಬರುತ್ತೆ, ಈಗ ಹಾಕಿದ್ರೆ ಕಾಯಿ ಬಿಡುತ್ತಾ ಅಂತ. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡೋ ಗಿಡ, ಅದನ್ನ ಆಷಾಢ ಶ್ರಾವಣದಲ್ಲೇ ಹಾಕಿರ್ಬೇಕು, ಡಿಸೆಂಬರ್ ಜನವರಿಯಲ್ಲಿ ಇಬ್ಬನಿ ಬಿದ್ದು ಆ ಸೊಗಡು ಬರುತ್ತಲ್ಲ, ಅದು ಆ ಗಿಡದ್ದೇ. ನವೆಂಬರ್‌ನಲ್ಲಿ ಶುರು ಮಾಡೋರು ಬೆಂಗಳೂರು ಕೃಷಿ ವಿವಿ ತಳಿ ಹೆಬ್ಬಾಳ ಅವರೆ 4 ಅಥವಾ ಐಐಎಚ್‌ಆರ್‌ನ ಅರ್ಕಾ ಜಯ್ ಹಾಕಿ, ಇವಕ್ಕೆ ಹಗಲಿನ ಉದ್ದದ ಹಂಗಿಲ್ಲ, ಗಿಡ್ಡ ಗಿಡ, ಕುಂಡದಲ್ಲೂ ಆಗುತ್ತೆ. ಸೊಗಡು ಮಾತ್ರ ನಾಟಿಯಷ್ಟು ಇರಲ್ಲ.

ಹಂತ 3: ಚಳಿಗಾಲದ ರೋಗ ಹುಳ, ಒಟ್ಟಿಗೆ ನೋಡ್ಕೊಳ್ಳೋದು

ಇದು ಚಿಕ್ಕ ಹಂತ, ಆದ್ರೆ ತಿಂಗಳಿಗೊಂದು ಸಲ ನಾಲ್ಕೈದು ಟೆರೇಸ್‌ಗೆ ಗುಂಪಾಗಿ ಹೋಗಿ ನೋಡೋದು ಇಟ್ಕೊಳ್ಳಿ, ಕಲಿಯೋಕೆ ಇದಕ್ಕಿಂತ ಒಳ್ಳೆ ಕ್ಲಾಸ್ ಇಲ್ಲ. ಚಳಿಯಲ್ಲಿ ಬರೋದು ಮುಖ್ಯವಾಗಿ ಎರಡು: ಎಲೆ ಮೇಲೆ ಬಿಳಿ ಪೌಡರ್ ಥರ ಬೂದಿ ರೋಗ, ಅವರೆ ಕುಡಿ ಮತ್ತೆ ಕೋಸಿನ ಎಲೆ ಅಡಿ ಹೇನು. ಬೂದಿ ರೋಗಕ್ಕೆ ಹುಳಿ ಮಜ್ಜಿಗೆ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸಿ. ಹೇನಿಗೆ ಮೊದಲು ಬರೀ ನೀರನ್ನ ಜೋರಾಗಿ ಹೊಡೀರಿ, ಆಮೇಲೂ ಇದ್ರೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ತೊಟ್ಟು ಸೋಪಿನ ನೀರು, ಸಂಜೆ ಹೊತ್ತು. ನೀರು ಬೆಳಗ್ಗೆ ಹಾಕಿ, ಸಂಜೆ ಹಾಕಿದ್ರೆ ರಾತ್ರಿಯೆಲ್ಲ ಎಲೆ ಒದ್ದೆಯಾಗಿದ್ದು ರೋಗ ಬರುತ್ತೆ, ಮತ್ತೆ ಬೇಸಿಗೆ ಥರ ದಿನಾ ಹಾಕೋ ಅಗತ್ಯ ಇಲ್ಲ, ಬೆರಳು ಚುಚ್ಚಿ ನೋಡಿ ಒಣಗಿದ್ರೆ ಮಾತ್ರ.

ಟೊಮೆಟೊ ಜೊತೆ ಚೆಂಡುಹೂ, ಕೋಸಿನ ಜೊತೆ ಸಾಸಿವೆ ಹಾಕಿ. ಕಾಯಿ ಕೊರೆಯೋ ಹುಳದ ಚಿಟ್ಟೆ ಚೆಂಡುಹೂವಿಗೆ ಹೋಗುತ್ತೆ, ಕೋಸಿನ ಪತಂಗ ಸಾಸಿವೆಗೆ ಹೋಗುತ್ತೆ, ಅಲ್ಲಿಂದ ಹುಳ ಆರಿಸಿ ಬಿಸಾಕೋದು ಸುಲಭ. ಇದರ ಗುಟ್ಟು ಟೈಮಿಂಗ್‌ನಲ್ಲಿದೆ: ಐಐಎಚ್‌ಆರ್ ಹೇಳೋದು 25 ದಿನದ ಟೊಮೆಟೊ ಸಸಿ ಜೊತೆ 45 ದಿನದ ಚೆಂಡುಹೂ ಸಸಿ ನೆಡಿ ಅಂತ, ಆಗ ಎರಡೂ ಒಟ್ಟಿಗೆ ಹೂ ಬಿಡುತ್ತೆ. ಅಂದ್ರೆ ನಿಮ್ಮ ಟ್ರೇಗಳಲ್ಲಿ ಚೆಂಡುಹೂ ಎಲ್ಲಕ್ಕಿಂತ ಮೊದಲು ಬಿತ್ತಬೇಕು.

ಮಲ್ಲಿಗೆ ಇರೋರು ನವೆಂಬರ್ ಕೊನೆಯಲ್ಲಿ ನೀರು ಕಮ್ಮಿ ಮಾಡಿ ಗಿಡ ಅರ್ಧದಷ್ಟು ಸವರಿ, ಎಲೆ ಉದುರಿಸಿ, ಗೊಬ್ಬರ ಕೊಡಿ, ಬೇಸಿಗೆಗೆ ಮೊಗ್ಗು ತುಂಬುತ್ತೆ. ಸೇವಂತಿಗೆ ಹೂ ಮುಗಿದ ಮೇಲೆ ಗಿಡ ಕಿತ್ತು ಎಸೀಬೇಡಿ, ಬುಡದಿಂದ ಅರ್ಧ ಅಡಿ ಬಿಟ್ಟು ಕತ್ತರಿಸಿದ್ರೆ ಸುತ್ತ ಕಂದು (ಮರಿ ಸಸಿ) ಬರುತ್ತೆ, ಫೆಬ್ರವರಿಯಲ್ಲಿ ಅದನ್ನ ಬೇರು ಸಮೇತ ಬಿಡಿಸಿ ಹಂಚ್ಕೊಂಡ್ರೆ ಮುಂದಿನ ವರ್ಷ ಯಾರೂ ಸೇವಂತಿಗೆ ಕುಂಡ ದುಡ್ಡು ಕೊಟ್ಟು ತರಬೇಕಾಗಿಲ್ಲ.

ಹಂತ 4: ಎಲೆ. ಇದೇ ಮುಖ್ಯ ಕೆಲಸ

ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನಮ್ಮ ಬೀದಿ ಮರಗಳು ಒಂದಾದ ಮೇಲೊಂದು ಎಲೆ ಉದುರಿಸ್ತವೆ. ಮಳೆಮರ, ಮಹಾಗನಿ, ಗುಲ್‌ಮೊಹರ್, ಆಮೇಲೆ ಹೊಂಗೆ. ಒಂದು ರಸ್ತೆಯಲ್ಲಿ ದಿನಕ್ಕೆ ಹತ್ತಾರು ಚೀಲ ಎಲೆ ಬೀಳುತ್ತೆ. ಅದನ್ನ ಗುಡ್ಡೆ ಮಾಡಿ ಬೆಂಕಿ ಇಡೋದು ಇವತ್ತಿಗೂ ನಿಂತಿಲ್ಲ. ಚಳಿಗಾಲದ ಬೆಳಗ್ಗೆ ಗಾಳಿ ಆಡಲ್ಲ, ತಣ್ಣನೆ ಗಾಳಿ ನೆಲಕ್ಕೆ ಅಂಟಿಕೊಂಡು ನಿಂತಿರುತ್ತೆ, ಹೊಗೆ ಮೇಲಕ್ಕೆ ಹೋಗದೆ ಮನೆಯೊಳಗೇ ಬರುತ್ತೆ, ಉಬ್ಬಸ ಇರೋ ಮಕ್ಕಳು ವಯಸ್ಸಾದವರು ಅನುಭವಿಸೋ ಕಷ್ಟ ನೋಡೋಕಾಗಲ್ಲ. ಕಾನೂನೂ ಇದೆ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಹೇಳಿದೆ. ಆದ್ರೆ ದಂಡದ ಮಾತು ಎತ್ತಿಕೊಂಡು ಪೌರಕಾರ್ಮಿಕರ ಮೇಲೆ ಹೋಗಬೇಡಿ, ದಯವಿಟ್ಟು. ಗುಡಿಸಿದ ಎಲೆ ತಗೊಂಡು ಹೋಗೋಕೆ ಗಾಡಿ ಬರಲ್ಲ, ಗುಡ್ಡೆ ಅಲ್ಲೇ ಇದ್ರೆ ಬೈಸ್ಕೊಳ್ಳೋರು ಅವರೇ, ಬೇರೆ ದಾರಿ ಇಲ್ಲದೆ ಬೆಂಕಿ ಬೀಳುತ್ತೆ. ದಾರಿ ಮಾಡಿಕೊಡೋದು ನಮ್ಮ ಕೆಲಸ.

ಮೊದಲು ನಿಮ್ಮ ರಸ್ತೆ ಗುಡಿಸೋರ ಜೊತೆ ಹೋಗಿ ಮಾತಾಡಿ. "ಅಕ್ಕಾ, ಎಲೆ ಮಾತ್ರ ಈ ಚೀಲಕ್ಕೆ ತುಂಬಿ ಈ ಮೂಲೇಲಿ ಇಟ್ಟುಬಿಡಿ, ಎತ್ತಿಕೊಂಡು ಹೋಗೋದು ನಾವು ನೋಡ್ಕೊಳ್ತೀವಿ" ಅಂದ್ರೆ ಬಹಳಷ್ಟು ಜನ ಒಪ್ಕೊಳ್ತಾರೆ, ಅವರಿಗೂ ಹೊಗೆ ಕುಡಿಯೋದು ಇಷ್ಟ ಇಲ್ಲ. ಅಕ್ಕಿ ಚೀಲ, ಸಿಮೆಂಟ್ ಚೀಲ ತೊಳೆದು ಕೊಡಿ, ಕೈಗವಸು ಕೊಡಿ, ಬೆಳಗ್ಗೆ ಕೆಲಸದ ಮಧ್ಯೆ ಕಾಫಿ ತಿಂಡಿ ಕೊಡಿ. ಅವರ ಮೇಸ್ತ್ರಿಗೂ ವಿಷಯ ತಿಳಿಸಿರಿ, ಇಲ್ಲಾಂದ್ರೆ ಚೀಲ ಯಾಕೆ ಇಟ್ಟಿದ್ದೀರ ಅಂತ ಅವರಿಗೇ ತೊಂದರೆ ಆಗುತ್ತೆ. ಮತ್ತೆ ಹೇಳಿದ ಮಾತು ನಡೆಸ್ಬೇಕು, ವಾರಕ್ಕೆ ಎರಡು ದಿನ ಚೀಲ ಎತ್ತುತ್ತೀವಿ ಅಂದ್ರೆ ಮಳೆ ಬರಲಿ ಹಬ್ಬ ಬರಲಿ ಎತ್ತಲೇಬೇಕು, ಎರಡು ವಾರ ಬಿಟ್ರೆ ಮತ್ತೆ ಬೆಂಕಿನೇ.

ಈಗ ಎಲೆ ಗೂಡು, ಅಂದ್ರೆ ಆ ಎಲೆ ಕೊಳೆಸಿ ಗೊಬ್ಬರ ಮಾಡೋ ತಂತಿ ಜಾಲರಿಯ ಗೂಡು ಕಟ್ಟೋದು. ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡ್ ಮೆಶ್ ಸಿಗುತ್ತೆ, ಒಂದು ಇಂಚು ಕಣ್ಣಿನದು, 4 ಅಡಿ ಎತ್ತರ, 13 ಅಡಿ ಉದ್ದ ಕೊಳ್ಳಿ, ಅದನ್ನ ಸುತ್ತಿ ಬೈಂಡಿಂಗ್ ವೈರ್‌ನಿಂದ ಕಟ್ಟಿದ್ರೆ 4 ಅಡಿ ಅಗಲದ ದುಂಡನೆ ಗೂಡು ಆಯ್ತು. ತಳ ಬೇಡ, ಮಣ್ಣಿನ ಮೇಲೇ ನಿಲ್ಲಬೇಕು, ಎರೆಹುಳ ಕೆಳಗಿಂದ ತಾನೇ ಬರುತ್ತೆ. ಸುತ್ತ ಎರಡು ಮೂರು ಗೂಟ ಹೊಡೆದು ಬಿಗಿ ಮಾಡಿ. ಇದಕ್ಕಿಂತ ಚಿಕ್ಕದು ಮಾಡ್ಬೇಡಿ, ಒಳಗೆ ಬಿಸಿ ಏರೋಕೆ ಅಷ್ಟು ರಾಶಿ ಬೇಕು. ಜಾಗ ಪಾರ್ಕ್‌ನ ನೆರಳು ಮೂಲೆ, ನೀರಿನ ನಲ್ಲಿ ಹತ್ರ, ಮಕ್ಕಳು ಆಡೋ ಜಾಗದಿಂದ ದೂರ, ಯಾರ ಮನೆ ಕಿಟಕಿಗೂ ನೇರ ಅಲ್ಲ.

ತುಂಬೋ ರೀತಿ ಹೀಗೆ. ಕೆಳಗೆ ಅರ್ಧ ಅಡಿ ಕಡ್ಡಿ, ಸಣ್ಣ ಕೊಂಬೆ, ಗಾಳಿಯಾಡೋಕೆ. ಅದರ ಮೇಲೆ ಒಂದು ಅಡಿ ಒಣ ಎಲೆ, ಕಾಲಲ್ಲಿ ಮೆತ್ತಗೆ ತುಳಿದು ಚೆನ್ನಾಗಿ ನೆನೆಸಿ. ಅದರ ಮೇಲೆ ಹಸಿ ಪದಾರ್ಥ ನಾಲ್ಕು ಬೆರಳಷ್ಟು. ಮತ್ತೆ ಎಲೆ. ಹೀಗೇ ಮೇಲಿನವರೆಗೆ. ಬರೀ ಒಣ ಎಲೆ ಹಾಕಿಬಿಟ್ರೆ ಅದು ವರ್ಷ ಆದ್ರೂ ಹಾಗೇ ಕೂತಿರುತ್ತೆ, ಯಾಕಂದ್ರೆ ಅದರಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಮ್ಮಿ, ಕೊಳೆಯಿಸೋ ಸೂಕ್ಷ್ಮಜೀವಿಗಳಿಗೆ ಎರಡೂ ಬೇಕು, ಇಂಗಾಲ 25ರಿಂದ 30 ಪಾಲಿದ್ರೆ ಸಾರಜನಕ ಒಂದು ಪಾಲಾದ್ರೂ ಇರ್ಬೇಕು. ಆ ಸಾರಜನಕಕ್ಕೆ ಸಗಣಿ ಗೊಬ್ಬರಕ್ಕಾಗಿ ಊರೆಲ್ಲ ಅಲೆಯೋ ಅಗತ್ಯ ಇಲ್ಲ, ಎಲೆ ಉದುರೋ ತಿಂಗಳೇ ಅವರೆಕಾಯಿ ತಿಂಗಳೂ ಹೌದು! ಜನವರಿಯಲ್ಲಿ ಮನೆಮನೆಯಲ್ಲೂ ಕೆಜಿಗಟ್ಟಲೆ ಅವರೆ ಸುಲಿದು ಸಿಪ್ಪೆ ಕಸದ ಗಾಡಿಗೆ ಹೋಗ್ತಿರುತ್ತೆ, ಹಿತಕಿದ ಬೇಳೆ ಮಾಡೋರ ಮನೆಯಲ್ಲಂತೂ ಇನ್ನೂ ಜಾಸ್ತಿ, ಮಾರ್ಕೆಟ್ ಪಕ್ಕ ಸುಲಿದು ಮಾರೋ ಅಜ್ಜಿಯಂದಿರ ಹತ್ರ ಮೂಟೆಗಟ್ಟಲೆ ಸಿಗುತ್ತೆ. ಹಸಿ ಸಿಪ್ಪೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಜೊತೆಗೆ ಬಟಾಣಿ ಸಿಪ್ಪೆ, ಪಾರ್ಕ್‌ನ ಹುಲ್ಲು, ಹೋಟೆಲ್‌ನ ಕಾಫಿ ಚರಟ. ಸಂಕ್ರಾಂತಿ ಆದ ಮೇಲೆ ಬರೋ ಕಬ್ಬಿನ ಸಿಪ್ಪೆ ಮಾತ್ರ ಒಣ ಎಲೆ ಲೆಕ್ಕಕ್ಕೆ ಸೇರುತ್ತೆ, ಅದನ್ನ ಹಸಿ ಅಂದ್ಕೋಬೇಡಿ. ಎರಡು ಮೂರು ಪದರಕ್ಕೊಮ್ಮೆ ಒಂದು ಬಕೆಟ್ ಸಗಣಿ ನೀರೋ ಹುಳಿ ಮಜ್ಜಿಗೆಯೋ ಹಾಕಿದ್ರೆ ಬೇಗ ಶುರುವಾಗುತ್ತೆ.

ಹಾಕಬಾರದ್ದು: ಬೇಯಿಸಿದ ಅಡುಗೆ (ಇಲಿ ಬರುತ್ತೆ), ಪ್ಲಾಸ್ಟಿಕ್, ಹೂವು ಬಿಟ್ಟ ಕಾಂಗ್ರೆಸ್ ಗಿಡ, ನೀಲಗಿರಿ ಎಲೆ ಜಾಸ್ತಿ ಬೇಡ. ಹಲಸು, ಮಾವು, ಆಲದ ದಪ್ಪ ಎಲೆ ನಿಧಾನ, ಅದಕ್ಕೆ ಬೇರೆ ಗೂಡು ಇಟ್ಟರೆ ಒಳ್ಳೇದು. ಮಳೆಮರದ ಸಣ್ಣ ಎಲೆ ಎಲ್ಲಕ್ಕಿಂತ ಬೇಗ ಪುಡಿಯಾಗುತ್ತೆ.

ಆಮೇಲೆ ಬೇಕಾಗಿರೋದು ನೀರು ಮತ್ತೆ ತಿರುವೋದು. ಒಂದು ಹಿಡಿ ತೆಗೆದು ಹಿಂಡಿ, ಕೈ ಒದ್ದೆಯಾಗಿ ಒಂದೆರಡು ಹನಿ ಬಂದ್ರೆ ಸರಿ, ನೀರು ಸುರಿದ್ರೆ ಜಾಸ್ತಿ, ಏನೂ ಬರದಿದ್ರೆ ಒಣಗಿದೆ. ಫೆಬ್ರವರಿ ಮಾರ್ಚ್ ಬಿಸಿಲಿಗೆ ಗೂಡಿನ ಅಂಚು ಬೇಗ ಒಣಗುತ್ತೆ, ಸುತ್ತ ಹಳೇ ಗೋಣಿಚೀಲ ಕಟ್ಟಿ. ಮೂರು ವಾರಕ್ಕೊಮ್ಮೆ ಮೆಶ್ ಬಿಚ್ಚಿ, ಪಕ್ಕಕ್ಕೆ ನಿಲ್ಲಿಸಿ, ಹೊರಗಿನದು ಒಳಗೆ ಬರೋ ಹಾಗೆ ಮತ್ತೆ ತುಂಬಿ, ಇದಕ್ಕೆ ನಾಲ್ಕು ಜನ ಬೇಕು, ಭಾನುವಾರ ಬೆಳಗ್ಗೆ ಒಂದು ಗಂಟೆ ಕೆಲಸ. ಕೈ ಹಾಕೋ ಮೊದಲು ಕೋಲಿನಿಂದ ತಟ್ಟಿ ನೋಡಿ, ಚೇಳು ಹಾವು ಇರ್ಬಹುದು, ಬೂಟು ಹಾಕ್ಕೊಳ್ಳಿ. ದಪ್ಪ ಬಿಳಿ ಹುಳ ಸಿಕ್ಕಿದ್ರೆ, ಹತ್ತಿರದಲ್ಲಿ ತೆಂಗಿನಮರ ಇದ್ರೆ, ಆರಿಸಿ ತೆಗೀರಿ, ತೆಂಗಿನ ಸುಳಿ ಕೊರೆಯೋ ದುಂಬಿಯ ಮರಿ ಗೊಬ್ಬರದಲ್ಲೇ ಬೆಳೆಯೋದು.

ಅಕ್ಕಪಕ್ಕದವರು ವಾಸನೆ ಬರುತ್ತೆ ಸೊಳ್ಳೆ ಬರುತ್ತೆ ಅಂತ ಆಕ್ಷೇಪ ಮಾಡೇ ಮಾಡ್ತಾರೆ. ಅವರನ್ನೇ ಕರೆದು ತಿರುವೋ ದಿನ ತೋರಿಸಿ, ಒಳಗಿನ ಬಿಸಿ ಮುಟ್ಟಿಸಿ, ಕಾಡಿನ ಮಣ್ಣಿನ ವಾಸನೆ ಬಿಟ್ರೆ ಬೇರೇನೂ ಇರಲ್ಲ. ಕೆಟ್ಟ ವಾಸನೆ ಬಂದ್ರೆ ನೀರು ಅಥವಾ ಹಸಿ ಜಾಸ್ತಿ ಆಗಿದೆ ಅಂತ, ಒಣ ಎಲೆ ಸೇರಿಸಿ ತಿರುವಿದ್ರೆ ಹೋಗುತ್ತೆ. ಕಾಂಪೋಸ್ಟ್ ವಿಧಾನಗಳನ್ನ ಕಣ್ಣಾರೆ ನೋಡ್ಬೇಕು ಅನ್ನೋರಿಗೆ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಸ್ವಚ್ಛ ಗ್ರಹ ಕಲಿಕಾ ಕೇಂದ್ರ ಇದೆ, ಗ್ರೂಪ್ ಆಗಿ ಒಂದು ಸಲ ಹೋಗಿ ಬನ್ನಿ.

ಹಂತ 5: ಶಾಲೆ, ಅಂಗನವಾಡಿ ಕೈತೋಟ

ಶಾಲೆ ತೋಟ ಅಂದ ತಕ್ಷಣ ಎಲ್ಲರೂ ಜೂನ್ ಐದನೇ ತಾರೀಖಿನ ಪರಿಸರ ದಿನ ನೆನಪಿಸ್ಕೊಳ್ತಾರೆ. ತರಕಾರಿಗೆ ನನ್ನ ಪ್ರಕಾರ ನವೆಂಬರ್ ಮೇಲು. ಮಳೆಯಲ್ಲಿ ಕೊಚ್ಚಿಹೋಗೋ ಭಯ ಇಲ್ಲ, ಮಾರ್ಚ್ ಪರೀಕ್ಷೆಯೊಳಗೆ ಎರಡು ಮೂರು ಸಲ ಸೊಪ್ಪು ಕುಯ್ದು ಮಕ್ಕಳ ಬಿಸಿಯೂಟದ ಸಾರಿಗೆ ಹಾಕ್ಬಹುದು. ಮುಖ್ಯ ಶಿಕ್ಷಕರನ್ನ, ಎಸ್‌ಡಿಎಂಸಿ ಅಂದ್ರೆ ಶಾಲಾ ಅಭಿವೃದ್ಧಿ ಸಮಿತಿಯವರನ್ನ ಮೊದಲು ಕೇಳಿ, ಅಡುಗೆ ಮಾಡೋ ಅಮ್ಮಂದಿರನ್ನೂ ಕೇಳಿ, ಯಾವ ಸೊಪ್ಪು ಬೇಕು ಅಂತ ಅವರು ಹೇಳಿದ್ದೇ ಹಾಕಿ, ಅವರು ಬೇಡ ಅಂದ ಲೆಟ್ಯೂಸ್ ಬ್ರೊಕೊಲಿ ಹಾಕಿ ಏನು ಪ್ರಯೋಜನ.

ಆರು ಅಡಿ ಉದ್ದ ಮೂರು ಅಡಿ ಅಗಲದ ಮಡಿ ನಾಲ್ಕು ಸಾಕು, ಮಕ್ಕಳ ಕೈ ಎರಡೂ ಕಡೆಯಿಂದ ಮಧ್ಯಕ್ಕೆ ತಲುಪಬೇಕು. ಹರಿವೆ, ದಂಟು, ಪಾಲಕ್, ಮೆಂತ್ಯ, ಮೂಲಂಗಿ, ಒಂದೊಂದು ಮಡಿ ಹತ್ತು ದಿನದ ಅಂತರದಲ್ಲಿ ಬಿತ್ತಿ. ಮೆಂತ್ಯ ತಿಂಗಳೊಳಗೆ ಬರುತ್ತೆ, ಮಕ್ಕಳಿಗೆ ಕಾಯೋ ತಾಳ್ಮೆ ಇರೋವಷ್ಟರಲ್ಲಿ ಕೈಗೆ ಸಿಗುತ್ತೆ. ಬೇಲಿ ಹತ್ರ ನುಗ್ಗೆ, ಕರಿಬೇವು, ಬಸಳೆ, ಒಂದೆರಡು ಪರಂಗಿ.

ಇಲ್ಲಿ ಎಲ್ಲರೂ ಮರೆಯೋದು ಏಪ್ರಿಲ್ ಮೇ ರಜೆ. ನೀರು ಹಾಕೋರು ಯಾರು ಅಂತ ನವೆಂಬರ್‌ನಲ್ಲೇ ತೀರ್ಮಾನ ಆಗ್ಬೇಕು. ಸೊಪ್ಪಿನ ಮಡಿ ಮಾರ್ಚ್‌ಗೆ ಮುಗಿಸಿ ಎಲೆ ಹೊದಿಸಿ ಬಿಟ್ಟುಬಿಡಿ, ಬೇಲಿ ಗಿಡಕ್ಕೆ ಮಾತ್ರ ವಾರಕ್ಕೆರಡು ಸಲ ನೀರು ಹಾಕೋಕೆ ಗ್ರೂಪ್‌ನವರು ಪಾಳಿ ಹಾಕ್ಕೊಳ್ಳಿ, ಗೇಟಿನ ಕೀ ಯಾರ ಹತ್ರ ಇರುತ್ತೆ ಅಂತ ಬರೆದಿಟ್ಕೊಳ್ಳಿ. ಅಂಗನವಾಡಿಯಲ್ಲಿ ಜಾಗ ಇಲ್ಲದಿದ್ರೆ ಬಳಸಿದ ಪೇಂಟ್ ಡಬ್ಬ ಬೇಡ, ಅಡುಗೆ ಎಣ್ಣೆ ಡಬ್ಬ ಅಥವಾ ಗ್ರೋ ಬ್ಯಾಗ್ ಇರಲಿ, ಮಕ್ಕಳು ತಿನ್ನೋ ಸೊಪ್ಪು.

ಹಂತ 6: ಸಂಕ್ರಾಂತಿ ಬೀಜ ಹಂಚಿಕೆ, ಫಲಪುಷ್ಪ ಪ್ರದರ್ಶನ

ಎಳ್ಳು ಬೀರೋಕೆ ಹೆಂಗೂ ಮನೆಮನೆಗೆ ಹೋಗ್ತೀರ, ಎಳ್ಳು ಬೆಲ್ಲದ ಪೊಟ್ಟಣದ ಜೊತೆ ಒಂದು ಬೀಜದ ಪೊಟ್ಟಣ ಇಡಿ. ಕಾಗದದ ಕವರ್, ಮೇಲೆ ಬೀಜದ ಹೆಸರು, ಕುಯ್ದ ತಿಂಗಳು, ಯಾವಾಗ ಬಿತ್ತಬೇಕು. ಇದಕ್ಕೆ ಬೀಜ ಡಿಸೆಂಬರ್‌ನಲ್ಲೇ ತಯಾರು ಮಾಡ್ಕೋಬೇಕು. ಹೈಬ್ರಿಡ್ ಗಿಡದ ಬೀಜ ಎತ್ತಿಡಬೇಡಿ, ಮುಂದಿನ ಸಲ ತಾಯಿ ಗಿಡದ ಗುಣ ಬರಲ್ಲ. ಅವರೆ, ಬೀನ್ಸ್, ಅಲಸಂದೆ, ಟೊಮೆಟೊ ಹೊಸಬರಿಗೆ ಸುಲಭ, ಬಹುತೇಕ ತಮ್ಮಲ್ಲೇ ಪರಾಗಸ್ಪರ್ಶ ಮಾಡ್ಕೊಳ್ತವೆ. ಕುಂಬಳ, ಸೋರೆ, ಹೀರೆ ಪಕ್ಕದ ಟೆರೇಸ್ ಗಿಡದ ಜೊತೆ ಬೆರಕೆ ಆಗುತ್ತೆ. ಟೊಮೆಟೊ ಬೀಜ ತಿರುಳಿನ ಸಮೇತ ಲೋಟದಲ್ಲಿ ಎರಡು ಮೂರು ದಿನ ಹುಳಿಯೋಕೆ ಬಿಟ್ಟು, ತೊಳೆದು, ನೆರಳಲ್ಲಿ ಒಣಗಿಸಿ. ಕಾಳಿನ ಬೀಜಕ್ಕೆ ಅಜ್ಜಿ ಕಾಲದ ಹಾಗೆ ಬೂದಿ ಬೆರೆಸಿಟ್ರೆ ಹುಳ ಬೀಳಲ್ಲ.

ಜನವರಿ 26ರ ಆಸುಪಾಸು ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಇರುತ್ತೆ. 1889ರಲ್ಲಿ ಕಟ್ಟಿದ ಗಾಜಿನ ಮನೆ ಒಳಗಿನ ಹೂವಿನ ಅಲಂಕಾರ ನೋಡೋಕೆ ಎಲ್ಲರೂ ಹೋಗ್ತಾರೆ, ಗಾರ್ಡನ್ ಗ್ರೂಪ್ ಹೋಗ್ಬೇಕಾಗಿರೋದು ಅದರ ಹೊರಗಿನ ಗಿಡ, ಬೀಜ, ಸಲಕರಣೆ ಮಳಿಗೆಗೆ, ಮತ್ತೆ ಬೋನ್ಸಾಯ್, ಇಕೆಬಾನ (ಜಪಾನಿ ಹೂಜೋಡಣೆ) ಪ್ರದರ್ಶನಕ್ಕೆ. ಶನಿವಾರ ಭಾನುವಾರ ಬೇಡ, ವಾರದ ದಿನ ಬೆಳಗ್ಗೆ ಬೇಗ ಹೋಗಿ, ಮೆಟ್ರೋದಲ್ಲಿ ಲಾಲ್‌ಬಾಗ್ ಸ್ಟೇಷನ್‌ಗೇ ಇಳೀಬಹುದು. ಮಂಗಳೂರಿನವರಿಗೆ ಕದ್ರಿ ಪಾರ್ಕ್ ಇದೆ, ಬೇರೆ ಜಿಲ್ಲೆಗಳಲ್ಲೂ ತೋಟಗಾರಿಕೆ ಇಲಾಖೆ ಪ್ರದರ್ಶನ ಮಾಡುತ್ತೆ, ತಾರೀಖು ಇಲಾಖೆ ಆಫೀಸಲ್ಲೇ ಕೇಳಿ.

ಹಂತ 7: ಬೀದಿ ಸಸಿಗಳನ್ನ ಬೇಸಿಗೆಗೆ ರೆಡಿ ಮಾಡೋದು

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ ಅಂತಾರೆ, ಅದಕ್ಕೆ ಮುಂಚೆ ಈ ಕೆಲಸ ಮುಗೀಬೇಕು. ಜೂನ್ ಜುಲೈಯಲ್ಲಿ ಭಾಷಣ ಮಾಡಿ ನೆಟ್ಟ ಸಸಿಗಳು ಸಾಯೋದು ಅದರ ಮೊದಲ ಬೇಸಿಗೆಯಲ್ಲಿ. ಹೊಸದು ನೂರು ನೆಡೋದಕ್ಕಿಂತ ಇರೋ ಇಪ್ಪತ್ತನ್ನ ಉಳಿಸೋದು ದೊಡ್ಡ ಕೆಲಸ. ಫೆಬ್ರವರಿಯ ಒಂದು ಭಾನುವಾರ ರಸ್ತೆ ಉದ್ದಕ್ಕೂ ನಡೆದು ಪ್ರತಿ ಸಸಿ ಪಟ್ಟಿ ಮಾಡಿ, ಎದುರು ಮನೆಯವರ ಹೆಸರು ಪಕ್ಕದಲ್ಲಿ ಬರೀರಿ. ಬುಡದ ಸುತ್ತ ಎರಡಡಿ ಅಗಲ ಪಾತಿ, ಒಂದು ಬುಟ್ಟಿ ಗೊಬ್ಬರ, ಚೆನ್ನಾಗಿ ನೀರು, ಆಮೇಲೆ ನಾಲ್ಕು ಇಂಚು ದಪ್ಪ ಒಣ ಎಲೆ, ಕಾಂಡಕ್ಕೆ ಎರಡು ಮೂರು ಬೆರಳು ಜಾಗ ಬಿಟ್ಟು, ಇಲ್ಲಾಂದ್ರೆ ಕಾಂಡ ಕೊಳೆಯುತ್ತೆ. ಎಲೆ ಮೇಲೆ ಒಂದು ಪದರ ಮಣ್ಣು ಹಾಕಿ, ಯಾರೋ ಬೀಡಿ ಎಸೆದ್ರೆ ಹೊತ್ತಿಕೊಳ್ಳಬಾರದು. ಕಾಂಡ ದಪ್ಪ ಆಗಿ ಟ್ರೀ ಗಾರ್ಡ್ ಒತ್ತುತ್ತಿದ್ರೆ ಬಿಚ್ಚಿ, ಕಟ್ಟಿದ ವೈರ್ ಕತ್ತರಿಸಿ, ಮೊಳೆ ಇದ್ರೆ ಕೀಳಿ, ಬುಡಕ್ಕೆ ಸಿಮೆಂಟ್ ಮೆತ್ತಿದ್ರೆ ಪಾಲಿಕೆಗೆ ಬರೆದು ಒಡೆಸಿ.

ನೀರಿನ ಲೆಕ್ಕ ಮೊದಲೇ ಹಾಕಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಕುಡಿಯೋ ನೀರನ್ನ ಗಿಡಕ್ಕೆ ಹಾಕಿದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು, ಅಂಥ ಬೇಸಿಗೆ ಮತ್ತೆ ಬರಲ್ಲ ಅಂತ ಹೇಳೋಕಾಗಲ್ಲ. ಅಕ್ಕಿ ಬೇಳೆ ತರಕಾರಿ ತೊಳೆದ ನೀರು ನೇರ ಹಾಕ್ಬಹುದು, ಎಸಿ ನೀರೂ ಹಾಕ್ಬಹುದು, ಆರ್‌ಓ ಫಿಲ್ಟರ್ ಹೊರಗೆ ಬಿಡೋ ನೀರಲ್ಲಿ ಲವಣ ಜಾಸ್ತಿ, ಅದನ್ನ ಬೇರೆ ನೀರಿಗೆ ಬೆರೆಸಿ ಹಾಕಿ. ಪ್ರತಿ ಮನೆಯವರೂ ಎದುರಿನ ಸಸಿಗೆ ಎರಡು ದಿನಕ್ಕೊಂದು ಬಕೆಟ್ ಹಾಕಿದ್ರೆ ಎಲೆ ಹೊದಿಕೆ ಇರೋ ಪಾತಿಗೆ ಅಷ್ಟೇ ಸಾಕು.

ಎಲೆ ಗೂಡಿನ ಗೊಬ್ಬರ ಸರಿಯಾಗಿ ತಿರುವಿದ್ರೆ ಮೂರು ನಾಲ್ಕು ತಿಂಗಳಿಗೆ, ಅಂದ್ರೆ ಮೇ ಹೊತ್ತಿಗೆ ಕಪ್ಪಗೆ ಪುಡಿಪುಡಿಯಾಗಿ ಬರುತ್ತೆ. ಮುಂಗಾರು ಜೋರಾಗೋ ಮೊದಲು ಅರ್ಧ ಇಂಚಿನ ಜಾಲರಿಯಲ್ಲಿ ಜರಡಿ ಹಿಡೀರಿ, ದಪ್ಪದಪ್ಪ ಉಳಿದದ್ದನ್ನ ಮುಂದಿನ ಗೂಡಿನ ತಳಕ್ಕೆ ಹಾಕಿ. ಮೊದಲ ಪಾಲು ಪಾರ್ಕ್‌ಗೆ, ಎರಡನೇದು ಶಾಲೆ ಮಡಿಗೆ, ಆಮೇಲೆ ಎಲೆ ತುಂಬಿಕೊಟ್ಟ ಪೌರಕಾರ್ಮಿಕರಲ್ಲಿ ಮನೆ ಹತ್ರ ಗಿಡ ಇಟ್ಟಿರೋರಿಗೆ ಒಂದೊಂದು ಚೀಲ, ಉಳಿದದ್ದು ತಿರುವೋಕೆ ಬಂದ ಸದಸ್ಯರಿಗೆ.